ಸೋಮವಾರ ವಾಪಸ್ ಹೋಗುವ ಆಟಿಕೆಗಳು

ಟೇಪಕ್ಕನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಅವಳ ಮುಖ ನೋಡಬೇಕಾಗಿಲ್ಲ. ಪಾರ್ಸೆಲ್ ಆಫೀಸಿನ ಹಿಂದಿನ ಕೋಣೆಯಿಂದ ಬರುವ ಟೇಪಿನ ಸದ್ದು ಕೇಳಿಸಿಕೊಂಡರೆ ಸಾಕು. ಒಂದೇ ಎಳೆತಕ್ಕೆ ಸರಾಗವಾಗಿ ಬಂದರೆ ದಿನ ಚೆನ್ನಾಗಿದೆ. ಚರ್, ಚರ್ ಎಂದು ತುಂಡುತುಂಡಾಗಿ ಬಂದರೆ ಯಾರೋ ಬೈಸಿಕೊಳ್ಳಲಿದ್ದಾರೆ. ತೂಕದ ಕೌಂಟರಿನ ಹುಡುಗಿಯರು ಆಗ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಇವತ್ತು ಆ ಕಡೆ ಸುಳೀಬೇಡ್ವೇ, ನಿನ್ನನ್ನೂ ಸುತ್ತಿ ಕಳಿಸಿಬಿಡ್ತಾಳೆ" ಎಂದು ಪಿಸುಗುಟ್ಟುತ್ತಾರೆ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಬಳಕೆಗೆ ಬರುತ್ತದೆ. ಉಳಿದಂತೆ ಎಲ್ಲರಿಗೂ ಅವಳು ಟೇಪಕ್ಕ.

ಮದುವೆಯಾಗಿ, ಅದು ಮುರಿದು, ಟ್ರಂಕು ಹಿಡಿದುಕೊಂಡು ಅಣ್ಣನ ಮನೆಗೆ ಬಂದಾಗಲೂ ಅವಳು ಅತ್ತಿರಲಿಲ್ಲ, ಬೈದಿದ್ದಳು. ಮಹಡಿಯ ಮೇಲಿನ ಕೋಣೆ ಅವಳದಾಯಿತು. ಆ ವರ್ಷವೇ ಅಣ್ಣನಿಗೆ ಮಗಳು ಹುಟ್ಟಿದಳು. ಮನೆಯವರೆಲ್ಲ ಗುಬ್ಬಿ ಎನ್ನುವ ಆ ಮಗು ಕುತ್ತಿಗೆ ನಿಲ್ಲಿಸಿದ್ದು ಟೇಪಕ್ಕನ ಮಡಿಲಲ್ಲಿ, ಮೊದಲ ಹೆಜ್ಜೆ ಇಟ್ಟದ್ದು ಅವಳ ಬೆರಳು ಹಿಡಿದು. ಟೇಪಕ್ಕ ದನಿ ತಗ್ಗಿಸಿ ಮಾತಾಡುತ್ತಿದ್ದುದು ಆ ಮಗುವಿನ ಹತ್ತಿರ ಮಾತ್ರ.

ಅತ್ತಿಗೆ ಮೊದಲು ಶಿಶುವಿಹಾರದಲ್ಲಿ ಟೀಚರ್ ಆಗಿದ್ದಳು. ಶಿಶುವಿಹಾರ ಬಾಗಿಲು ಹಾಕಿಕೊಂಡಿತು. ಕೈಕಟ್ಟಿ ಕೂತು ಅಭ್ಯಾಸವಿಲ್ಲದ ಹೆಂಗಸು. ಒಂದು ದಿನ ಗುಬ್ಬಿ ಪ್ಲಾಸ್ಟಿಕ್ ಮೊಟ್ಟೆಯೊಡೆದು ಒಳಗಿನ ಪುಟಾಣಿ ಆಮೆ ಕಂಡು ಕಿಲಕಿಲ ನಕ್ಕಿದ್ದನ್ನು ಫೋನಿನಲ್ಲಿ ವಿಡಿಯೋ ಹಿಡಿದು ಇಂಟರ್ನೆಟ್ಟಿಗೆ ಹಾಕಿದಳು. ಊರೆಲ್ಲ ನೋಡಿತು. ಇನ್ನೊಂದು ಹಾಕಿದಳು, ಅದನ್ನೂ ನೋಡಿತು. ಆಮೇಲೆ ದೊಡ್ಡ ರಸ್ತೆಯ ಆಟಿಕೆ ಅಂಗಡಿಯವನು ತಾನಾಗಿ ಮನೆ ಹುಡುಕಿಕೊಂಡು ಬಂದ.

"ಪ್ರತಿ ಗುರುವಾರ ಹೊಸ ಮಾಲು ಕಳಿಸ್ತೀನಿ ಮೇಡಂ. ಮಗು ತೆಗೀಲಿ, ನೋಡ್ಲಿ, ನಗ್ಲಿ. ಸೋಮವಾರ ವಾಪಸ್ ಕೊಡಿ. ಆದ್ರೆ ಡಬ್ಬಿ ಹೊಸದರ ಹಾಗೇ ಇರ್ಬೇಕು. ನಾನು ಅದನ್ನ ಮಾರ್ಬೇಕಲ್ವಾ?"

"ಅದಕ್ಕೇನು, ನಮ್ಮನೇಲೇ ಒಬ್ಬಳಿದ್ದಾಳೆ," ಎಂದು ಅತ್ತಿಗೆ ಹೆಮ್ಮೆಯಿಂದ ಮಹಡಿ ಮೆಟ್ಟಿಲ ಕಡೆ ತೋರಿಸಿದಳು.

ಆ ಕೆಲಸದಲ್ಲಿ ಟೇಪಕ್ಕನದು ಎತ್ತಿದ ಕೈ. ಕೂದಲು ಒಣಗಿಸುವ ಯಂತ್ರದ ಬಿಸಿ ಗಾಳಿ ಹಿಡಿದು, ಅಂಟು ಮೆತ್ತಗಾಗುತ್ತಲೇ ಉಗುರಿನ ತುದಿಯಿಂದ ಮುದ್ರೆ ಎಬ್ಬಿಸುವಳು. ರಟ್ಟಿನ ಮೇಲ್ಪದರ ಕೂದಲೆಳೆಯಷ್ಟೂ ಕಿತ್ತು ಬರುತ್ತಿರಲಿಲ್ಲ. ಗೊಂಬೆಗಳನ್ನು ಡಬ್ಬಿಯೊಳಗೆ ಹೇಗೆ ಬಿಗಿದಿರುತ್ತಾರೆಂದು ಮಕ್ಕಳಿರುವ ಮನೆಯವರಿಗೆ ಗೊತ್ತೇ ಇದೆ: ಮಣಿಕಟ್ಟಿಗೊಂದು ತಂತಿ, ಕಾಲಿಗೊಂದು, ಕುತ್ತಿಗೆಗೊಂದು, ಸಾಲದ್ದಕ್ಕೆ ಕೂದಲನ್ನು ರಟ್ಟಿಗೇ ಸೇರಿಸಿ ಹೊಲಿದಿರುತ್ತಾರೆ. ಅದನ್ನೆಲ್ಲ ಬಿಚ್ಚಿ, ಮತ್ತೆ ಅದೇ ತೂತಿನಲ್ಲಿ ಪೋಣಿಸಿ, ಅಷ್ಟೇ ಸುತ್ತು ತಿರುಚಿ ಕಟ್ಟುವುದು ಅವಳಿಗೆ ಮೋಜೆನಿಸಿತು. "ಮಾಡಿದ ಕಂಪನಿಗೇ ಗೊತ್ತಾಗಲ್ಲಮ್ಮ!" ಎಂದು ಅಂಗಡಿಯವನು ಹೊಗಳಿದಾಗ ಒಳಗೊಳಗೇ ಉಬ್ಬಿದಳು. ಮಗುವಿಗೂ ವಾರವಾರ ಹೊಸ ಆಟಿಕೆ, ಇನ್ನೇನು ಬೇಕು ಎಂದುಕೊಂಡಳು.

ಆದರೆ ಅವು ಆಟಿಕೆಗಳಾಗಿದ್ದರೆ ತಾನೆ. ಹೆಚ್ಚಿನವು ಒಳಗೇನಿದೆ ಎಂದು ಹೇಳದ ಡಬ್ಬಿಗಳು. ಒಂದು ಬಳಗದಲ್ಲಿ ಹತ್ತಾರು ಗೊಂಬೆ, ನಿಮ್ಮ ಪಾಲಿಗೆ ಬಂದದ್ದು ಯಾವುದೆಂಬುದೇ ಆಟ. ಹೊದಿಕೆ ಹರಿ, ಅದರೊಳಗಿನ ಚೀಲ ಹರಿ, ಚೀಲದೊಳಗಿನ ಉಂಡೆ ಒಡೆ, ಕೊನೆಗೆ ಹೆಬ್ಬೆರಳಷ್ಟು ಗೊಂಬೆ. ಅಲ್ಲಿಗೆ ಆಟ ಮುಗಿಯಿತು, ಇನ್ನೊಂದು ಕೊಳ್ಳಿ. ಚಪ್ಪಾಳೆ ತಟ್ಟಿದರೆ ಕುಣಿಯುವ ನಾಯಿ ಬರುತ್ತಿತ್ತು. ಬೆರಳಲ್ಲಿ ಒತ್ತಿದರೆ ಪಟ್ ಎನ್ನುವ ಗುಳ್ಳೆಹಲಗೆ, ಎಳೆದಷ್ಟೂ ಬರುವ ಲೋಳೆಹಿಟ್ಟು ಬರುತ್ತಿದ್ದವು. ಆಡಲಿ ಎಂದಲ್ಲ, ತೆರೆಯಲಿ ಎಂದೇ ಮಾಡಿದ ಸಾಮಾನು.

ಶುಕ್ರವಾರ ನಡುಮನೆಯ ಸೋಫಾ ಗೋಡೆಗೆ ಸರಿಯುತ್ತಿತ್ತು. ಇಸ್ತ್ರಿ ಮಾಡಿದ ಹಳದಿ ಬಟ್ಟೆ ಹಿಂದೆ ಇಳಿಬೀಳುತ್ತಿತ್ತು, ಬಳೆಯಾಕಾರದ ದೀಪ ಹೊತ್ತಿಕೊಳ್ಳುತ್ತಿತ್ತು.

"ಕಣ್ಣು ದೊಡ್ಡದು ಮಾಡು ಚಿನ್ನ. ಕೈ ಕೆನ್ನೆ ಮೇಲೆ. ಹೂಂ, ಹೇಳು."

"ಅಯ್ಯೋ ಅಮ್ಮಾ, ಏನಿದು!"

"ಛೇ, ನೆರಳು ಬಿತ್ತು. ಟೇಪಕ್ಕಾ, ಇನ್ನೊಂದ್ಸಲ ಮುಚ್ಚಿಕೊಡೇ."

ಟೇಪಕ್ಕ ಮುಚ್ಚಿಕೊಡುವಳು. ಗುಬ್ಬಿ ಅದನ್ನೇ ತೆರೆದು, ಅದೇ ಗೊಂಬೆ ಕಂಡು, ಮತ್ತೆ ಬೆರಗಾಗುವಳು. ಮೂರನೆಯ ಸಲದ ಬೆರಗು ಮೊದಲಿನದಕ್ಕಿಂತ ಚೆನ್ನಾಗಿ ಬರುತ್ತಿತ್ತು. ದೀಪ ಆರಿದೊಡನೆ, ಯಾರೂ ಹೇಳಬೇಕಾಗಿಲ್ಲ, ಮಗು ತನ್ನೆರಡು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಡುತ್ತಿತ್ತು. ಹೊಳೆಯುವ ಪ್ಲಾಸ್ಟಿಕ್ಕಿನ ಮೇಲೆ ಬೆರಳಿನ ಗುರುತು ಬೀಳಬಾರದಲ್ಲ. ಎದುರುಮನೆಯಾಕೆ ಬಂದವಳು ಅದನ್ನು ನೋಡಿ, "ಎಂಥ ಶಿಸ್ತು ತಾಯಿ ನಿಮ್ಮ ಮಗೂದು! ನಮ್ಮದಾಗಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಅರಚಿಬಿಡ್ತಿತ್ತು" ಎಂದಿದ್ದಳು. ಅತ್ತಿಗೆಯ ಮುಖ ಅರಳಿತ್ತು. ಟೇಪಕ್ಕನದೂ ಅರಳಿತ್ತು, ಸುಳ್ಳೇಕೆ.

ಒಂದು ಭಾನುವಾರ ಗುಬ್ಬಿಯ ಮಂಚದಡಿ ಕಸ ಗುಡಿಸುವಾಗ ಪೊರಕೆಗೆ ಏನೋ ತಗುಲಿತು. ಬಗ್ಗಿ ನೋಡಿದರೆ ಚಪ್ಪಲಿ ಡಬ್ಬಿ, ಸೋಪಿನ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಸಾಲಾಗಿ. ಎಲ್ಲಕ್ಕೂ ಟೇಪು. ಮೂಲೆಗಳನ್ನು ಒಳಕ್ಕೆ ಮಡಿಸಿ, ಮೇಲೊಂದು ಅಡ್ಡಪಟ್ಟಿ, ಥೇಟು ಅವಳದೇ ಕೈಚಳಕ. ಟೇಪಕ್ಕನಿಗೆ ನಗು ಬಂತು. "ಎಲಾ ಕಳ್ಳಿ, ನನ್ನ ಕೆಲಸಕ್ಕೇ ಕಣ್ಣು ಹಾಕಿದ್ದೀಯ?" ಎಂದು ಮಂಚದ ಮೇಲಿದ್ದ ಗುಬ್ಬಿಯನ್ನು ಕೆಣಕುತ್ತ ಚಪ್ಪಲಿ ಡಬ್ಬಿ ಬಿಚ್ಚಿದಳು. ಒಳಗೆ ಹಳೆಯ ಕಾಲುಚೀಲದಿಂದ ಅವಳೇ ಹೊಲಿದುಕೊಟ್ಟಿದ್ದ ಮೊಲ. ಅದರ ಮಣಿಕಟ್ಟಿಗೂ ಕುತ್ತಿಗೆಗೂ ದಾರ ಬಿಗಿದಿತ್ತು. ಇನ್ನೊಂದರಲ್ಲಿ, ಅದಿಲ್ಲದೆ ಮಗು ನಿದ್ದೆಯೇ ಮಾಡದ ಹಳೆಯ ಹೊದಿಕೆಯ ತುಂಡು. ಮತ್ತೊಂದರಲ್ಲಿ ಮೊದಲ ಪ್ಲಾಸ್ಟಿಕ್ ಮೊಟ್ಟೆಯ ಆಮೆ.

"ಇದನ್ನೆಲ್ಲ ಯಾಕೆ ಕಟ್ಟಿಟ್ಟಿದ್ದೀಯೇ ಗುಬ್ಬಿ?"

"ನಾಳೆ ಸೋಮವಾರ ಅಲ್ವಾ ಅತ್ತೆ. ಅಂಗಡಿ ಮಾಮ ತಗೊಂಡು ಹೋಗ್ತಾರೆ."

"ಅಯ್ಯೋ ಮಂಕೇ, ಇದು ಅಂಗಡೀದಲ್ಲ. ಇದು ನಿಂದು. ನಾನು ನಿಂಗೇ ಅಂತ ಹೊಲಿದು ಕೊಟ್ಟಿದ್ದು."

ದಡ್ಡರಿಗೆ ತಿಳಿಹೇಳುವವರ ತಾಳ್ಮೆಯಿಂದ ಗುಬ್ಬಿ ಅತ್ತೆಯ ಮುಖ ನೋಡಿದಳು. "ನೋಡಿ ಆಯ್ತಲ್ಲ ಅತ್ತೆ."

ಅಳುಮುಖ ಮಾಡಿ ಹೇಳಿದ್ದರೆ ಟೇಪಕ್ಕ ಎದೆಗವುಚಿಕೊಂಡು ಸಮಾಧಾನ ಮಾಡುತ್ತಿದ್ದಳೇನೋ. ಮಗು ಹೇಳಿದ್ದು ಊಟವಾಯಿತು ಎನ್ನುವಷ್ಟು ಸಲೀಸಾಗಿ. ಆ ಸಲೀಸಿಗೆ ಟೇಪಕ್ಕನ ಮೈಯೆಲ್ಲ ಉರಿದುಹೋಯಿತು. ಪೊರಕೆ ಅಲ್ಲೇ ಬಿಸಾಡಿ ಅಡುಗೆಮನೆಗೆ ನುಗ್ಗಿದಳು.

"ಅತ್ತಿಗೆ, ಇನ್ಮೇಲೆ ನಾನು ಒಂದು ಡಬ್ಬೀನೂ ಮುಚ್ಚಲ್ಲ."

"ಏನಾಯ್ತೇ ಈಗ? ಬೆಳಿಗ್ಗೆ ಬೆಳಿಗ್ಗೇನೇ ನೆತ್ತಿಗೇರಿದೆ."

ಟೇಪಕ್ಕ ದಾರ ಬಿಗಿದ ಮೊಲವನ್ನು ಒಲೆಯ ಕಟ್ಟೆಯ ಮೇಲಿಟ್ಟು ಕಂಡದ್ದನ್ನೆಲ್ಲ ಹೇಳಿದಳು. ಅತ್ತಿಗೆ ಸೌಟು ತಿರುವುತ್ತ, "ಮಕ್ಕಳು ಕಂಡದ್ದನ್ನ ಆಡ್ತಾವೆ. ನಿನ್ನ ನೋಡಿ ಪಾರ್ಸೆಲ್ ಆಟ ಆಡಿದ್ದಾಳೆ, ಅಷ್ಟೇ" ಎಂದಳು.

"ಆಟ ಅಲ್ಲ ಅದು. ಅವಳಿಗೆ ತನ್ನದು ಅನ್ನೋದೇ ಇಲ್ಲ."

"ನಿನಗೇನು ಗೊತ್ತೇ! ಬಟ್ಟೆ ಇಸ್ತ್ರಿ ಮಾಡೋಳು ನಾನು, ಮಾತು ಕಲಿಸೋಳು ನಾನು, ಆಮೇಲೆ ರಾತ್ರಿಯೆಲ್ಲ ಕೂತು ವಿಡಿಯೋ ಜೋಡಿಸೋಳು ನಾನು. ಇದು ಕೆಲಸ ಕಣೇ, ಆಟ ಅಲ್ಲ!"

"ಹಾಗಾದ್ರೆ ಐದು ವರ್ಷದ ಮಗೂನ ಕೆಲಸಕ್ಕೆ ಹಾಕಿದ್ದೀರಿ ಅಂತ ನೀವೇ ಒಪ್ಪಿಕೊಂಡ್ರಲ್ಲ!"

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಣ್ಣ ಹೊರಗಿನಿಂದಲೇ, "ಬಿಡ್ರೇ, ಅಕ್ಕಪಕ್ಕದವರು ಕೇಳಿಸ್ಕೋತಾರೆ" ಎಂದ. ಇಂಜಿನ್ನಿನ ಗದ್ದಲದಲ್ಲಿ ಕಿವಿಗೊಟ್ಟು ಸಣ್ಣ ದೋಷ ಹುಡುಕುವ ಮನುಷ್ಯನಿಗೆ ಮನೆಯ ಗದ್ದಲ ಮಾತ್ರ ಎಂದೂ ಕೇಳಿಸುತ್ತಿರಲಿಲ್ಲ. "ಕೇಳಿಸ್ಕೊಳ್ಲಿ! ನೀನು ಒಬ್ಬ ಬಿಟ್ಟು ಊರೆಲ್ಲ ಕೇಳಿಸ್ಕೊಳ್ಲಿ!" ಎಂದು ಟೇಪಕ್ಕ ಅವನಿಗೂ ಒಂದು ಬಿಟ್ಟಳು.

ಅಷ್ಟಾದರೂ ಆ ಗುರುವಾರ ಡಬ್ಬಿ ಬಂತು. ಎಲ್ಲ ಅಂಗಡಿಗಳ ಕಿಟಕಿಯಲ್ಲೂ ಆಗ ಕೂತಿದ್ದ ಪಾಪು ಗೊಂಬೆ: ಬಾಟಲಿ ಕೊಟ್ಟರೆ ಕುಡಿಯುತ್ತದೆ, ಬೆನ್ನು ತಟ್ಟಿದರೆ ತೇಗುತ್ತದೆ, ಚಡ್ಡಿ ಒದ್ದೆ ಮಾಡಿಕೊಂಡು ಅಳುತ್ತದೆ. ಶುಕ್ರವಾರ ಅತ್ತಿಗೆ ಹಟಕ್ಕೆ ಬಿದ್ದು ತಾನೇ ತಂತಿ ಬಿಚ್ಚಿದಳು, ಒಂದೇ ಸಲಕ್ಕೆ ಚಿತ್ರ ಹಿಡಿದಳು. ಗುಬ್ಬಿ "ಅಯ್ಯೋ ಅಮ್ಮಾ" ಎಂದಳು, ನೀರಿಲ್ಲದ ಬಾಟಲಿಯನ್ನು ಗೊಂಬೆಯ ಬಾಯಿಗಿಟ್ಟಳು, ಕೈ ಹಿಂದೆ ಕಟ್ಟಿಕೊಂಡಳು. ಗೊಂಬೆ ಕಪಾಟಿನ ಮೇಲೆ ಹೋಗಿ ಕೂತಿತು.

ಭಾನುವಾರ ಅತ್ತಿಗೆ ದಿನಸಿ ಅಂಗಡಿಗೆಂದು ಹೊರಗೆ ಹೋದದ್ದೇ ತಡ, ಟೇಪಕ್ಕ ಕುರ್ಚಿ ಹತ್ತಿ ಗೊಂಬೆಯನ್ನು ಇಳಿಸಿದಳು. ಬಚ್ಚಲಲ್ಲಿ ಬಕೆಟ್ಟಿಗೆ ಬೆಚ್ಚಗಿನ ನೀರು ಬಿಟ್ಟಳು.

"ಬಾ, ಪಾಪೂಗೆ ಸ್ನಾನ ಮಾಡ್ಸು."

ಗುಬ್ಬಿ ಬಾಗಿಲಲ್ಲೇ ನಿಂತಳು, ಕೈ ಹಿಂದೆ. "ಬೇಡ ಅತ್ತೆ. ಕೂದಲು ಹಾಳಾಗುತ್ತೆ. ಮಾಮ ಬೈತಾರೆ."

"ಮಾಮನಿಗೆ ನಾನು ಬೈತೀನಿ. ಇದು ನಿಂದು."

"ಎಷ್ಟು ಹೊತ್ತು ನಂದು?"

ಟೇಪಕ್ಕ ಗೊಂಬೆಯನ್ನು ತಲೆಸಮೇತ ನೀರಲ್ಲಿ ಮುಳುಗಿಸಿದಳು. ಗುಬ್ಬಿ ಚಿಟ್ಟನೆ ಚೀರಿದಳು. ಫೋನಿನ ಮುಂದೆ ಹೊರಡಿಸುವ ದನಿಯಲ್ಲ ಅದು, ಹೊಟ್ಟೆಯೊಳಗಿಂದ ಬಂದದ್ದು. ಗೊಂಬೆಯ ಸುರುಳಿ ಕೂದಲು ಬಿಚ್ಚಿಕೊಂಡು ಪಾಚಿಯಂತೆ ತೇಲಿತು. ಮಗು ನೋಡಿತು. ಒಂದು ಕೈ ಬೆನ್ನ ಹಿಂದಿನಿಂದ ಮೆಲ್ಲಗೆ ಹೊರಬಂತು. ಒಂದು ಬೆರಳು ನೀರು ಮುಟ್ಟಿತು, ಗೊಂಬೆಯ ಹೊಟ್ಟೆ ಮುಟ್ಟಿತು. ಆಮೇಲೆ ಸೋಪು ಹತ್ತಿತು, ತಂಬಿಗೆ ಬಂತು, "ಕಣ್ಣು ಮುಚ್ಚೋ ಪಾಪು, ಉರಿಯುತ್ತೆ" ಎಂಬ ಗದರಿಕೆ ಬಂತು. ಅತ್ತಿಗೆ ವಾಪಸ್ ಬರುವ ಹೊತ್ತಿಗೆ ಬಚ್ಚಲಲ್ಲಿ ಒಣಗಿದ ಜಾಗವೇ ಇರಲಿಲ್ಲ.

"ಏನು ಮಾಡ್ಬಿಟ್ಟೆ ನೀನು!" ಅತ್ತಿಗೆಯ ಕೈಚೀಲ ನೆಲಕ್ಕೆ ಬಿತ್ತು. "ಬೇಕೂಂತಲೇ ಮಾಡ್ದೆ!"

"ಹೌದು, ಬೇಕೂಂತಲೇ ಮಾಡ್ದೆ. ದುಡ್ಡು ನಾನು ಕೊಡ್ತೀನಿ."

"ದುಡ್ಡಿನ ಮಾತಲ್ಲ! ಇರೋದೊಂದು ದಾರಿ ನಂಗೆ, ಅದಕ್ಕೂ ಕಲ್ಲು ಹಾಕ್ದೆ!"

ಗುಬ್ಬಿ ಗೊಂಬೆಯನ್ನು ಟವಲಿನಲ್ಲಿ ಸುತ್ತಿಕೊಂಡು ಇಬ್ಬರ ಕಾಲ ಸಂದಿಯಿಂದ ನುಸುಳಿ ಮಂಚದಡಿ ಸೇರಿಕೊಂಡಳು.

ಸೋಮವಾರ ಸಂಜೆ ಅಂಗಡಿಯವನು ಬಂದ. ಟೇಪಕ್ಕ ಅವನಿಗಾಗಿಯೇ ಆಫೀಸಿನಿಂದ ಬೇಗ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅತ್ತಿಗೆ ನೆಲ ನೋಡುತ್ತ ಗೊಂಬೆ ಒದ್ದೆಯಾದ ವಿಷಯ ಹೇಳಿದಳು. ಅವನು ನಗುಮುಖ ಬಿಡದೆ, "ಎಲ್ಲಿ ಪುಟ್ಟಿ, ಕೊಡು ನೋಡೋಣ. ನೀನು ಜಾಣೆ ಅಲ್ವಾ?" ಎಂದು ಮಂಡಿಯೂರಿ ಕೈ ಚಾಚಿದ.

ಒಂದೇ ದಿನಕ್ಕೆ ಕೂದಲು ಜಡೆಗಟ್ಟಿ, ಒಂದು ಕಣ್ಣು ಅರ್ಧ ಮುಚ್ಚಿಹೋಗಿದ್ದ ಗೊಂಬೆಯನ್ನು ಗುಬ್ಬಿ ಕಂಕುಳಲ್ಲಿ ಅವುಚಿಕೊಂಡಿದ್ದಳು. ಅಮ್ಮನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಟೇಪಕ್ಕ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದಿದ್ದಳು. ಮಗು ಈಗ ಕೊಟ್ಟುಬಿಟ್ಟರೆ ಮುಗಿಯಿತು, ಇನ್ನು ತಾನು ಏನು ಹೊಲಿದು ಕೊಟ್ಟರೂ ಅದು ಡಬ್ಬಿಗೇ ಹೋಗುತ್ತದೆ.

ಅಂಗಡಿಯವನು ಗೊಂಬೆಯ ಕಾಲು ಹಿಡಿದು ಮೆತ್ತಗೆ ಎಳೆದ.

"ಕೊಡಲ್ಲ!"

ಅವನು ಇನ್ನೂ ಸ್ವಲ್ಪ ಎಳೆದ. ಗುಬ್ಬಿ ಅವನ ಕೈ ಕಚ್ಚಿದಳು.

"ಅಬ್ಬಬ್ಬಾ!" ಅವನು ಕೈ ಕೊಡವಿಕೊಂಡು ನೇರ ಎದ್ದುನಿಂತ. ನಗು ಹಾರಿಹೋಗಿತ್ತು. "ಮಗು ಕೆಟ್ಟೋಯ್ತು ಮೇಡಂ. ಇನ್ನು ಇದು ಉಪಯೋಗಕ್ಕೆ ಬರಲ್ಲ. ಇದಕ್ಕಿಂತ ಚಿಕ್ಕದು ಯಾವುದಾದ್ರೂ ನೋಡ್ಕೋತೀನಿ."

ಬಾಯಿ ತೆರೆಯಹೊರಟ ಟೇಪಕ್ಕನಿಗೆ ಅತ್ತಿಗೆ ಜಾಗವನ್ನೇ ಬಿಡಲಿಲ್ಲ.

"ಏನಂದ್ರಿ? ಇನ್ನೊಂದ್ಸಲ ಅನ್ನಿ."

"ಅಲ್ಲ ಮೇಡಂ, ನಾನು ಹೇಳಿದ್ದು..."

"ಕೆಟ್ಟೋಗೋಕೆ ಅವಳೇನು ನಿಮ್ಮ ಅಂಗಡಿ ಬ್ಯಾಟರಿನಾ? ಇದು, ಅದು ಅಂತೀರಲ್ಲ, ಯಾರ ಮಗಳ ಮಾತು ಆಡ್ತಿದ್ದೀರಿ? ಈ ಹೊಸಿಲ ಮೇಲೆ ಇನ್ನೊಂದ್ಸಲ ಕಾಲಿಟ್ರೆ, ಅವಳಲ್ಲ, ನಾನು ಕಚ್ತೀನಿ. ನಡೀರಿ!"

ಬಾಗಿಲು ಬಡಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಅಲುಗಾಡಿತು. ಟೇಪಕ್ಕನಿಗೆ ಅತ್ತಿಗೆಯನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಅತ್ತಿಗೆ ಗಿರಕ್ಕನೆ ಅವಳತ್ತ ತಿರುಗಿ, "ನೀನು ಹಲ್ಲು ಬಿಡ್ಬೇಡ. ನಿನ್ನ ಜೊತೆ ನಾನು ಮಾತಾಡ್ತಿಲ್ಲ" ಎಂದು ಒಳಗೆ ಹೋದಳು. ಹೇಳಿದಂತೆಯೇ ನಡೆದುಕೊಂಡಳು ಕೂಡ. ಊಟ ಬಡಿಸುವಾಗಲೂ, "ನಿಮ್ಮ ತಂಗಿಗೆ ಇನ್ನೂ ಬೇಕೇನೋ ಕೇಳಿ" ಎಂದು ಅಣ್ಣನ ಮೂಲಕವೇ ಕೇಳುತ್ತಿದ್ದಳು. ಟೇಪಕ್ಕನೂ, "ಸಾಕು ಅಂತ ಹೇಳಣ್ಣ" ಎನ್ನುತ್ತಿದ್ದಳು. ಮಧ್ಯದಲ್ಲಿ ಸಿಕ್ಕಿಕೊಂಡ ಅಣ್ಣನಿಗೆ ಮನೆಯ ಗದ್ದಲ ಕೊನೆಗೂ ಕೇಳಿಸತೊಡಗಿತು.

ಗುಬ್ಬಿ ಮಾತ್ರ ದಿನದಿನಕ್ಕೂ ಅಸಾಧ್ಯಳಾಗುತ್ತಿದ್ದಳು. ಎದುರುಮನೆಯ ಮಗು ಗೊಂಬೆ ಮುಟ್ಟಿದರೆ ಬೀದಿಗೆಲ್ಲ ಕೇಳುವಂತೆ ಅರಚುತ್ತಿದ್ದಳು. ಒಂದು ಸಂಜೆ ಟೇಪಕ್ಕ, ಆ ಜಡೆಗಟ್ಟಿದ ತಲೆಯನ್ನು ಬಾಚಿಕೊಡೋಣವೆಂದು ಕೈ ಹಾಕಿದಳು.

"ಬಿಡು! ನಿಂಗೂ ಕೊಡಲ್ಲ!" ಎಂದು ಮಗು ಅವಳ ಕೈಗೊಂದು ಏಟು ಹಾಕಿತು.

ಚುರುಕ್ಕೆಂದಿತು. ಅಡುಗೆಮನೆಯಿಂದ ಅತ್ತಿಗೆ, ಎಷ್ಟೋ ದಿನಗಳ ಮೇಲೆ ಮೊದಲ ಬಾರಿಗೆ ನೇರವಾಗಿ, "ಅನುಭವಿಸು! ನೀನು ಕಲಿಸಿದ್ದೇ ತಾನೆ?" ಎಂದಳು.

"ಹೌದು, ನಾನೇ ಕಲಿಸಿದ್ದು," ಎಂದಳು ಟೇಪಕ್ಕ ಕೈ ಉಜ್ಜಿಕೊಳ್ಳುತ್ತ, ಅಷ್ಟೇ ಗಟ್ಟಿಯಾಗಿ. "ಇನ್ನೂ ಜೋರಾಗಿ ಹೊಡೀಲಿ!"