ಗಂಜಿ ತರಲು ಯಾರುಂಟು?

ಜೊತೆಗೆ ಯಾರಿದ್ದಾರೆ ಎಂದು ನರ್ಸ್ ಇಂಗ್ಲಿಷಿನಲ್ಲಿ ಕೇಳಿದಾಗ, ಪಕ್ಕದ ಹಾಸಿಗೆಯ ವಿದೇಶಿ ಮಹಿಳೆ ಮೊಬೈಲ್ ಎತ್ತಿ ತನ್ನ ಪ್ರವಾಸ ವಿಮೆ ತೋರಿಸಿದಳು. ತೊಕ್ಕೊಟ್ಟಿನಲ್ಲಿ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡು ಫಳ್ನೀರಿನ ಈ ಆಸ್ಪತ್ರೆಗೆ ಬಂದಿದ್ದಳು. ನಾನೂ ಅದೇ ವಾರ್ಡಿನ ರೋಗಿ. ಪರದೇಶಕ್ಕೆ ಹೊರಟವರು ಹೀಗೇ ಇರಬೇಕು, ಯಾರಿಗೂ ಹೊರೆಯಾಗಬಾರದು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ನರ್ಸ್ ನನ್ನ ಕಡೆ ತಿರುಗಿದರು. "ಇನ್ಶೂರೆನ್ಸ್ ಬಿಲ್ಲಿಗಾಯ್ತು ಆಂಟಿ, ಗಂಜಿ ತಂದು ಕೊಡ್ಲಿಕ್ಕೆ ಜನ ಬೇಡ್ವಾ? ಅದಿರ್ಲಿ, ನಿಮ್ಮವರು ಎಲ್ಲಿ?"

"ಸಂಜೆ ಬರ್ತಾರೆ" ಎಂದೆ.

ಸಂಜೆ ಉಳಿದ ಹಾಸಿಗೆಗಳಿಗೆಲ್ಲ ಬುತ್ತಿಯ ಜೊತೆ ಜನ ಬಂದರು. ನಮ್ಮಿಬ್ಬರ ನಡುವಿನ ಸ್ಟೂಲ್ ಮಾತ್ರ ಖಾಲಿ ಉಳಿಯಿತು. ಆಕೆ ಅದನ್ನೊಮ್ಮೆ ನೋಡಿ, ನನ್ನನ್ನು ನೋಡಿ ಮೆಲ್ಲಗೆ ನಕ್ಕಳು. ಆಕೆಯ ಮನೆ ಕಡಲಾಚೆ. ನನ್ನದು ಇದೇ ಊರಿನ ಶಕ್ತಿನಗರದಲ್ಲಿ.