ಬೆಚ್ಚಗಿದ್ದ ರಕ್ತದ ಚೀಲ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಬಿ.ಎಸ್ಸಿ. ನರ್ಸಿಂಗ್. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅವ್ವ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ವರ್ಷಗಟ್ಟಲೆ ಹೊಗೆ ಕುಡಿದಿದ್ದಕ್ಕೆ, ನಾನು ವಿದ್ಯಾನಗರದ ಹಾಸ್ಟೆಲ್ಲಿನಲ್ಲಿ ಇಂಗ್ಲಿಷ್ ಪುಸ್ತಕದ ಸಾಲುಸಾಲಿಗೂ ಪೆನ್ಸಿಲಿನಿಂದ ಕನ್ನಡ ಅರ್ಥ ಬರೆದುಕೊಂಡು ಓದಿದ್ದಕ್ಕೆ ಸಿಕ್ಕ ಡಿಗ್ರಿ ಅದು. ಈಗ ಹರಿಹರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ. ಬೇಸಿಗೆಯ ಆ ದಿನ ಅಲ್ಲಿ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದವಳು ನನ್ನ ಅಕ್ಕ.

ಅಕ್ಕನಿಗೆ ಹೆರಿಗೆಯಾಗಿ ಒಂಬತ್ತು ದಿನವಾಗಿತ್ತು. ಬಸಿರಿನಲ್ಲೇ ರಕ್ತ ಕಡಿಮೆಯಿತ್ತು. ಕಬ್ಬಿಣದ ಮಾತ್ರೆ ನುಂಗಿದರೆ ಕೂಸು ಕಪ್ಪಗಾಗುತ್ತದೆ ಎಂದು ಹದಡಿಯಲ್ಲಿ, ಗಂಡನ ಮನೆಯ ಓಣಿಯವರು ಯಾರೋ ಹೇಳಿದ್ದರು. ಇವಳು ಮಾತ್ರೆಗಳನ್ನೆಲ್ಲ ದಿಂಬಿನ ಕೆಳಗೆ ಕೂಡಿಹಾಕಿದ್ದಳು. ಹೆರಿಗೆಯಲ್ಲಿ ಹೋದ ರಕ್ತ ಬೇರೆ. ತವರಿಗೆ ಬಂದ ಮೇಲೆ ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಗೋಡೆ ಹಿಡಿದು ಕೂರತೊಡಗಿದಾಗ ನನ್ನ ಕಣ್ಣೆದುರೇ ಇರಲೆಂದು ನಾನೇ ಇಲ್ಲಿಗೆ ಕರೆತಂದೆ. ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣ ಬಳಿದ ಹಾಗೆ ಬಿಳಿ. ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ನಾಲ್ಕೂವರೆ ಬಂತು. ಬೇರೆಯವರ ರಿಪೋರ್ಟಿನಲ್ಲಿ ಆ ಅಂಕಿ ಎಷ್ಟೋ ಸಲ ನೋಡಿದ್ದೇನೆ. ಅವತ್ತು ಎರಡೆರಡು ಸಲ ಓದಿದೆ.

ರಕ್ತ ಕೊಡಲೇಬೇಕೆಂದರು ಡಾಕ್ಟರ್ ಮೇಡಂ. ಅಕ್ಕನದು ಓ ನೆಗೆಟಿವ್, ಸುಲಭಕ್ಕೆ ಸಿಗುವ ಗುಂಪಲ್ಲ. ದಾವಣಗೆರೆಯ ರಕ್ತನಿಧಿಯಲ್ಲಿ ಒಂದೇ ಒಂದು ಚೀಲ ಇದೆಯೆಂದು ತಿಳಿಯಿತು. ನಾನು ಸ್ಯಾಂಪಲ್ ತೆಗೆದು, ಫಾರಂ ತುಂಬಿ, ಐಸ್ ಇಟ್ಟ ಥರ್ಮಾಕೋಲ್ ಪೆಟ್ಟಿಗೆ ಕೊಟ್ಟು ಭಾವನನ್ನೂ ಅವ್ವನನ್ನೂ ಕಳಿಸಿದೆ. "ಹುಷಾರಾಗಿ ತಗಂಡು ಬರ್ರಿ" ಎಂದೆ. ಅಷ್ಟೇ ಹೇಳಿದ್ದು.

ಭಾವ ಅಲ್ಲಿ ಬದಲಿಗೆ ತನ್ನ ರಕ್ತ ಕೊಟ್ಟು, ತಲೆ ತಿರುಗಿ ಮಲಗಿಬಿಟ್ಟನಂತೆ. ಅವ್ವ ಕಾಯಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಒಬ್ಬಳೇ ಬಸ್ ಹತ್ತಿ, ಹರಿಹರದ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದೇ ಬಂದಳು. ಆಗ ಹನ್ನೆರಡೂವರೆ.

"ತಗಾ, ಒಂದ್ ಹನಿ ಚೆಲ್ಲಿಲ್ಲ" ಎಂದು ಪೆಟ್ಟಿಗೆ ಮುಂದಿಟ್ಟಳು.

ಮುಚ್ಚಳ ತೆಗೆದೆ. ಒಳಗೆ ಐಸ್ ಇನ್ನೂ ಕರಗಿರಲಿಲ್ಲ, ಬೆರಳು ಮರಗಟ್ಟುವಷ್ಟು ತಂಪಿತ್ತು. ಚೀಲ ಎತ್ತಿ ಅಂಗೈ ಮೇಲೆ ಇಟ್ಟುಕೊಂಡೆ. ಐಸಿಗೆ ತಾಗಿದ್ದ ಮಗ್ಗುಲು ತಣ್ಣಗಿತ್ತು. ಮಗುಚಿ ಹಿಡಿದರೆ ಇನ್ನೊಂದು ಮಗ್ಗುಲು ಬೆಚ್ಚಗಿತ್ತು, ಈಗತಾನೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ.

"ಅವ್ವ, ಇದನ್ನ ಹೊರಗ ತೆಗ್ದಿದ್ಯೇನು?"

"ನಾನ್ಯಾಕ ತೆಗೀಲಿ? ಪೆಟ್ಟಿಗ್ಯಾಗೆ ಇತ್ತು."

ಮೇಡಂ ಮುಟ್ಟಿ ನೋಡಿದರು. "ದಾರೀಲಿ ಯಾರಾದ್ರೂ ತೆಗೆದಿದ್ರಾ, ಸರಿಯಾಗಿ ಕೇಳು. ತೆಗೆದಿದ್ರೆ ಹಾಕೋ ಹಾಗಿಲ್ಲ" ಎಂದು ಹೇಳಿ ಇನ್ನೊಂದು ಹೆರಿಗೆಗೆ ಓಡಿದರು.

ಅವ್ವನ ಮಾತು ನಂಬಿಬಿಡಲೇ ಅನ್ನಿಸಿತು. ನಂಬಿದರೆ ಹತ್ತು ನಿಮಿಷದಲ್ಲಿ ಅಕ್ಕನ ಮೈಗೆ ರಕ್ತ ಇಳಿಯುತ್ತದೆ. ನಂಬದಿದ್ದರೆ ಇದ್ದ ಒಂದು ಚೀಲವೂ ಹೋಗುತ್ತದೆ. ಇನ್ನೊಂದು ಸಿಗುವತನಕ ಅವಳ ಎದೆ ತಡೆದೀತೇ? ಆದರೆ ಬಿಸಿಗೆ ಕೆಟ್ಟ ರಕ್ತ ಮೈಗೆ ಹೋದರೆ ಏನಾಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಷ್ಟೇ ಓದಿದ್ದಲ್ಲ. ಒಮ್ಮೆ ಬೇರೆ ಊರಿನಲ್ಲಿ ಕಣ್ಣಾರೆ ನೋಡಿದ್ದೆ, ಆ ರೋಗಿ ಉಳಿಯಲಿಲ್ಲ.

ಅವ್ವನನ್ನು ಔಷಧಿ ಕೋಣೆಗೆ ಕರೆದು ಬಾಗಿಲು ಮುಂದಕ್ಕೆ ಮಾಡಿದೆ.

"ಬೈಯಲ್ಲ. ನಿಜ ಹೇಳು. ಬಾಣಂತಿಗೆ ಥಂಡಿ ಆಗ್ತತಿ ಅಂತ ಬೆಚ್ಚಗಿಟ್ಟೀ ಹೌದಿಲ್ಲೋ?"

ಅವ್ವ ಸೆರಗಿನ ತುದಿ ಸುತ್ತತೊಡಗಿದಳು. ಆಮೇಲೆ ಒಮ್ಮೆಲೇ ಬಾಯಿಬಿಟ್ಟಳು.

"ಹೂಂ, ಇಟ್ಟೆ. ಬಸ್ಸಿನ್ಯಾಗೆ ಮುಟ್ಟಿ ನೋಡಿದೆ, ಕೈ ಕೊಯ್ಯೋ ಹಂಗಿತ್ತು. ಒಂಬತ್ತು ದಿನದ ಬಾಣಂತಿಗೆ ಕುಡಿಯೋ ನೀರು ಸೈತ ಕಾಸಿ ಕೊಡ್ತೀವಿ, ಕಿವಿಗೆ ಹತ್ತಿ ಅಳ್ಳಿ ಇಟ್ಟೀವಿ. ಅಂಥಾಕಿ ನರದಾಗೆ ಐಸ್ ನೀರಿನಂಥಾದ್ದು ಬಿಟ್ರೆ ಸನ್ನಿ ಹಿಡಿಯಂಗಿಲ್ಲೇನು? ಶಾಲಿನಾಗೆ ಸುತ್ತಿ ಹೊಟ್ಟಿಗೆ ಅವಚಿಗಂಡು ಕುಂತೆ. ಇಲ್ಲಿ ಗೇಟಿನ ತಾವ ಬಂದಾಗ ಒಳಗಿಟ್ಟೆ. ಅಲ್ಲಿ ಚೀಲ ಕೊಟ್ಟಾತ ಹೊರಗೆ ತೆಗೀಬ್ಯಾಡ ಅಂದಿದ್ದ. ಗಂಡಸಿಗೇನು ಗೊತ್ತಾಗ್ತತಿ ಬಾಣಂತನ?"

"ಮತ್ತೆ ಇಲ್ಲ ಅಂದ್ಯಲ್ಲ?"

"ನೀನು ಎಲ್ರ ಮುಂದೆ ಬೈತಿ. ಡಿಗ್ರಿ ಆದಮ್ಯಾಲೆ ನಿನ್ ಬಾಯಿ ದೊಡ್ಡದಾಗೈತೆ."

ಬೈಯುತ್ತಿದ್ದೆ, ನಿಜ. ಬಿಸಿಯಾದರೆ ರಕ್ತ ಕೆಡುತ್ತದೆ, ಹುಳಿ ಬಿದ್ದ ಹಾಲಿನಂತೆ ಅದರಲ್ಲಿ ಕಣ್ಣಿಗೆ ಕಾಣದ್ದೆಲ್ಲ ಬೆಳೆಯುತ್ತದೆ ಎಂದು ಬೆಳಗ್ಗೆ ಎರಡು ಮಾತು ಹೇಳಿದ್ದರೆ ಅವ್ವನಿಗೆ ಅರ್ಥವಾಗುತ್ತಿರಲಿಲ್ಲವೇ? ಭಟ್ಟಿಯಲ್ಲಿ ಮರಳು ಎಷ್ಟು ಕಾದರೆ ಅಕ್ಕಿ ಅರಳುತ್ತದೆ, ಎಷ್ಟಾದರೆ ಸೀಯುತ್ತದೆ ಎಂದು ಬರೀ ಸದ್ದು ಕೇಳಿ ಹೇಳುವವಳು ಅವಳು. ಅವಳಿಗೆ ಬಿಡಿಸಿ ಹೇಳಬೇಕೆಂಬುದೇ ನನಗೆ ತೋಚಿರಲಿಲ್ಲ.

ಮೇಡಂಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಚೀಲವನ್ನು ಬೇರೆ ಇಟ್ಟು, ರಕ್ತನಿಧಿಗೆ ಫೋನ್ ಮಾಡಿದೆವು. ಅದನ್ನು ಬಳಸಲೇಬೇಡಿ, ವಾಪಸ್ ಕಳಿಸಿ ಎಂದರು. ಅವರ ಪಟ್ಟಿಯಲ್ಲಿದ್ದ ಓ ನೆಗೆಟಿವ್ ದಾನಿಗಳಲ್ಲಿ ಫೋನ್ ಎತ್ತಿದವರು ಶಾಮನೂರಿನ ಒಬ್ಬ ರೈತರು ಮಾತ್ರ. ಹೊಲಕ್ಕೆ ನೀರು ಕಟ್ಟುತ್ತಿದ್ದವರು ಹಾಗೇ ಬೈಕ್ ಹತ್ತಿ ಹೊರಟರಂತೆ. ಆದರೆ ರಕ್ತ ತೆಗೆದು, ಪರೀಕ್ಷೆಯೆಲ್ಲ ಮುಗಿದು ಕೈಗೆ ಸಿಗಲು ಮೂರ್ನಾಲ್ಕು ತಾಸು ಬೇಕೆಂದರು.

ಇನ್ನೂ ರಕ್ತನಿಧಿಯಲ್ಲೇ ಇದ್ದ ಭಾವ ಫೋನಿನಲ್ಲಿ ಕೂಗಾಡಿದ. "ಬೆಚ್ಚಗಾದ್ರೆ ಏನಾತೀಗ? ರಕ್ತ ಮನುಷ್ಯನ ಮೈಯಾಗೆ ಬೆಚ್ಚಗೇ ಇರ್ತತಲ್ಲ! ಓದಿದ್ದು ಜಾಸ್ತಿ ಆತು ನಿನಗೆ. ನನ್ ಹೆಂಡ್ತಿಗೆ ಏನಾರ ಆದ್ರೆ ನೋಡು ಮತ್ತೆ."

"ಅಲ್ಲೇ ಇದ್ದು, ಅವ್ರ ಹತ್ರಾನೇ ಐಸ್ ಪೆಟ್ಟಿಗಿ ಇಸ್ಗಂಡು ಹೊಸ ಚೀಲ ತಗಂಡ್ ಬಾ ಭಾವ. ಪೆಟ್ಟಿಗಿ ಮುಚ್ಚಳ ತೆಗೀಬ್ಯಾಡ" ಎಂದು ಫೋನ್ ಇಟ್ಟೆ.

ಆ ನಾಲ್ಕು ತಾಸು ಅಕ್ಕನ ತಲೆಭಾಗ ಎತ್ತರಿಸಿ, ಮೂಗಿಗೆ ಆಕ್ಸಿಜನ್ ಕೊಟ್ಟು, ಕಾಲು ಗಂಟೆಗೊಮ್ಮೆ ನಾಡಿ, ಉಸಿರು ಎಣಿಸಿ ಬರೆದೆ. ನಾಡಿ ನೂರಿಪ್ಪತ್ತಾರು. ಉಸಿರು ಇಪ್ಪತ್ತೆಂಟು. ಮೂವತ್ತು ದಾಟಿದರೆ ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಸಾಗಿಸುವುದು ಎಂದು ಮೇಡಂ ಹೇಳಿಟ್ಟಿದ್ದರು. ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮತ್ತೆ ಇಪ್ಪತ್ತೆಂಟು. ನಾನು ತಪ್ಪು ಎಣಿಸುತ್ತಿದ್ದೇನೇನೋ ಎಂದು ಜೊತೆಯ ನರ್ಸಿಗೂ ಎಣಿಸಲು ಹೇಳಿದೆ.

"ಸಾಯ್ತೀನೇನೇ?" ಎಂದಳು ಅಕ್ಕ.

"ಸುಮ್ನಿರು. ಕೂಸಿಗೆ ಹೆಸ್ರು ಇಟ್ಟಿಲ್ಲ, ಸಾಯಾಕ ನಿನಗೆಲ್ಲೈತೆ ಪುರಸೊತ್ತು?"

ಹೊರಗೆ ಬೆಂಚಿನಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಆಯಾ ಅವ್ವನನ್ನು ರೇಗಿಸುತ್ತಿದ್ದಳು. "ಮಗಳು ನರ್ಸು, ತಾಯಿ ಡಾಕ್ಟ್ರು. ಬಸ್ಸಿನ್ಯಾಗೇ ದವಾಖಾನಿ ತೆಗ್ದುಬಿಟ್ಟೀ ನೋಡಬೇ." ಅವ್ವ ನಗಲಿಲ್ಲ, ಊಟಕ್ಕೂ ಏಳಲಿಲ್ಲ.

ನಾಲ್ಕೂಮುಕ್ಕಾಲಿಗೆ ಭಾವ ಬಂದ. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎದೆಯಿಂದ ದೂರ ಹಿಡಿದಿದ್ದ. ನನ್ನ ಮುಖ ನೋಡದೆ ಕೊಟ್ಟ. ಚೀಲ ಎಲ್ಲ ಮಗ್ಗುಲೂ ತಣ್ಣಗಿತ್ತು. ನಂಬರು, ಗುಂಪು, ಹೆಸರು ಎಲ್ಲವನ್ನೂ ಇಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡಿ, ಹನಿ ಹನಿಯಾಗಿ ಶುರುಮಾಡಿದೆವು. ಮೊದಲ ಹದಿನೈದು ನಿಮಿಷ ರೋಗಿಯನ್ನು ಬಿಟ್ಟು ಕದಲಬಾರದು. ನಾನು ಸ್ಟೂಲ್ ಎಳೆದುಕೊಂಡು ಕುಳಿತೆ.

ಹತ್ತನೇ ನಿಮಿಷಕ್ಕೆ ಅಕ್ಕ, "ಚಳಿ ಆಗ್ತತೆ ಕಣೇ" ಎಂದಳು.

ಚಳಿ ಎಂದರೆ ರಕ್ತ ಒಗ್ಗದಿರುವುದರ ಮೊದಲ ಗುರುತೂ ಆಗಬಹುದು. ತಕ್ಷಣ ಹನಿ ನಿಲ್ಲಿಸಿ ಮೇಡಂ ಅವರನ್ನು ಕೂಗಿದೆ. ಜ್ವರ ನೋಡಿದೆ, ಇಲ್ಲ. ಬೆನ್ನು ನೋವೇ? ಇಲ್ಲ. ಮೈಮೇಲೆ ದದ್ದು? ಇಲ್ಲ. ನಾಡಿ ಏರಿಲ್ಲ, ಬಿ.ಪಿ. ಇಳಿದಿಲ್ಲ. ಮೇಡಂ ಚೀಲದ ಚೀಟಿಯನ್ನು ಮತ್ತೊಮ್ಮೆ ಓದಿ, ಸ್ವಲ್ಪ ಹೊತ್ತು ಅಲ್ಲೇ ನಿಂತು ಅವಳನ್ನೇ ನೋಡಿದರು. "ತಣ್ಣಗಿರೋದಕ್ಕೆ ಅಷ್ಟೇ. ನಿಧಾನಕ್ಕೆ ಬಿಡು, ಹೊದಿಸು" ಎಂದರು.

ಅವ್ವ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನಾ ಹೇಳಿದ್ದು ಸುಳ್ಳೇನು?"

"ಸುಳ್ಳಲ್ಲವ್ವ. ಆದ್ರೆ ನೀನು ಬೆಚ್ಚಗಿಡಬೇಕಾದ್ದು ನಿನ್ ಮಗಳ್ನ. ಬಾ, ಕಾಲು ಹಿಡ್ಕ."

ಅವ್ವ ಹಾಸಿಗೆಯ ತುದಿಯಲ್ಲಿ ಕುಳಿತು ಅಕ್ಕನ ಎರಡೂ ಪಾದಗಳನ್ನು ಶಾಲಿನಲ್ಲಿ ಸುತ್ತಿ ಮಡಿಲಿಗೆ ಎಳೆದುಕೊಂಡಳು. ರಕ್ತ ಮತ್ತೆ ಹನಿಯತೊಡಗಿತು. ನಾನು ಹನಿಯನ್ನೂ ಗಡಿಯಾರವನ್ನೂ ಅಕ್ಕನ ಮುಖವನ್ನೂ ಸರದಿಯಂತೆ ನೋಡುತ್ತ ಕುಳಿತೆ. ಇದೊಂದೇ ಸಾಲದು, ಇನ್ನೊಂದು ಚೀಲ ಬೇಕಾಗುತ್ತದೆ ಎಂದು ಮೇಡಂ ಹೇಳಿಹೋಗಿದ್ದರು. ಅದನ್ನು ಎಲ್ಲಿಂದ ತರುವುದೋ ಎಂಬ ಚಿಂತೆ ಕುಳಿತಲ್ಲೇ ಹುಟ್ಟಿತ್ತು.

ಚೀಲ ಅರ್ಧಕ್ಕಿಳಿದಾಗ ನಾಡಿ ನೂರಾ ಹತ್ತು. ಉಸಿರು ಇಪ್ಪತ್ತೆರಡು. ಬರೆದುಕೊಂಡೆ. ಅಕ್ಕ ಕಣ್ಣು ಬಿಟ್ಟು, ಕೂಸು ಹಸಿದಿರಬೇಕು, ತಂದುಕೊಡಿ ಎಂದಳು.