ಕೌದಿಯಾಗಬೇಕಿದ್ದ ಚೀಲಗಳು

ನನ್ನ ಅತ್ತೆಯ ಸೀರೆಗಳು ಮಳೆನೀರಿಗೆ ಹಾಳಾಗಲಿಲ್ಲ. ನಾನೇ ಕತ್ತರಿಸಿದೆ — ಕತ್ತರಿಸಿ ತರಕಾರಿ ಚೀಲ ಹೊಲಿದೆ, ಆಮೇಲೆ ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿಕೊಂಡು ನನ್ನ ನಾದಿನಿ ಗಿರಿಜಾ ಇಷ್ಟು ವರ್ಷ ತನ್ನನ್ನೇ ತಾನು ಬೈದುಕೊಂಡಳು. ಬೈದುಕೊಳ್ಳಲಿ ಎಂದು ನಾನು ಸುಮ್ಮನಿದ್ದೆ. ವಿಷಯ ಇಷ್ಟೇ. ಇಷ್ಟನ್ನು ಬಾಯಿಬಿಟ್ಟು ಹೇಳಲು ಇಷ್ಟು ಕಾಲ ಹಿಡಿಯಿತಲ್ಲ — ಸಾಕಾಗಿದೆ ನನಗೆ ನನ್ನದೇ ಸಹವಾಸ.

ಚೆನ್ನೈಯ ಪೋರೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ನಾನು ‘ಪೈ ಆಂಟಿ’. ಪೈ ಎಂದರೆ ತಮಿಳಿನಲ್ಲಿ ಚೀಲ. ಪ್ಲಾಸ್ಟಿಕ್ ಕವರನ್ನು ಬಿಡಿಸಿ, ಮನೆಮನೆಗೂ ಹತ್ತಿಬಟ್ಟೆಯ ಚೀಲ ಕೊಟ್ಟವಳು ಎಂದು ಆ ಹೆಸರು. ಲಿಫ್ಟಿನಲ್ಲಿ ಪುಟ್ಟ ಮಕ್ಕಳು ಹಾಗೆ ಕರೆದಾಗ ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆದದ್ದು ಹೀಗೆ. ಒಂದು ಭಾನುವಾರ ಅಸೋಸಿಯೇಷನ್ ಮೀಟಿಂಗಿನಲ್ಲಿ ಕಸದ ಮಾತು ಬಂತು. ಎಲ್ಲರೂ ಎಲ್ಲರನ್ನೂ ದೂರುತ್ತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಎದ್ದು ನಿಂತು, “ಬರುವ ಭಾನುವಾರ ಪ್ರತಿ ಮನೆಗೂ ನಾನೇ ಬಟ್ಟೆ ಚೀಲ ಹೊಲಿದು ಕೊಡ್ತೀನಿ, ಆಮೇಲೆ ಯಾರು ಕವರ್ ತರ್ತೀರೋ ನೋಡೋಣ!” ಎಂದು ತಮಿಳಿನಲ್ಲಿ ಗುಡುಗಿಬಿಟ್ಟೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ — ಅದೇ ನನ್ನನ್ನು ಕೆಡಿಸಿದ್ದು ಎನ್ನಲೇ? ಬೇಡ. ಕೆಟ್ಟವಳು ನಾನು.

ಸಗಟು ಅಂಗಡಿಗಳ ಪ್ಯಾರೀಸ್ ಕಾರ್ನರ್‌ಗೆ ಹೋಗಿ ಹೊಸ ಕಾಟನ್ ಬಟ್ಟೆಯ ಥಾನು ತಂದೆ. ಮೊದಲ ಚೀಲದಲ್ಲಿ ಕೊತ್ತಂಬರಿ ಸೊಪ್ಪು ತುಂಬಿ ಫ್ರಿಜ್ಜಿನಲ್ಲಿಟ್ಟರೆ ಎರಡೇ ದಿನಕ್ಕೆ ಬಾಡಿ ಹುಲ್ಲಾಯಿತು. ಗಂಜಿ ತುಂಬಿದ ಹೊಸ ಬಟ್ಟೆ ನೀರು ಕುಡಿಯುವುದಿಲ್ಲ, ಗಾಳಿ ಬಿಡುವುದಿಲ್ಲ. ಸೊಪ್ಪಿಗೆ ಬೇಕಾದದ್ದು ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿ. ಒದ್ದೆ ಮಾಡಿ ಹಿಂಡಿದರೆ ಆ ತಂಪು ಒಳಗೇ ನಿಲ್ಲಬೇಕು, ಸೊಪ್ಪು ಮಾತ್ರ ಕೊಳೆಯಬಾರದು. ಹಾಗೆಂದು ಹೊಳೆದದ್ದೇ ತಡ, ಕೆಳಗಿನ ಸ್ಟೋರ್ ರೂಮಿನ ಟ್ರಂಕು ನೆನಪಾಯಿತು.

ಆ ಟ್ರಂಕಿನಲ್ಲಿ ಅತ್ತೆಯ ಸೀರೆಗಳಿದ್ದವು. ಅತ್ತೆ ಗದಗಿನ ಕಡೆಯವರು. ಕೊನೆಯ ಕೆಲವು ವರ್ಷ ನಮ್ಮ ಜೊತೆ ಇಲ್ಲೇ ಇದ್ದು, ಇಲ್ಲೇ ಶಿವನ ಪಾದ ಸೇರಿದರು. ಕೆಂಪು ಅಂಚಿನ ಕೈಮಗ್ಗದ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ಕಾರ್ಯ ಎಲ್ಲ ಮುಗಿದ ಮೇಲೆ ಗಿರಿಜಾ ಒಬ್ಬಳೇ ಕೂತು ಆ ಸೀರೆಗಳನ್ನು ಮಡಿಚಿದಳು. ಗದಗಿನಲ್ಲಿ ಶಾಲೆಯ ಟೀಚರು ಅವಳು. ಗಂಡನಿಲ್ಲ, ಮಕ್ಕಳಿಲ್ಲ. ಟ್ರಂಕು ಮುಚ್ಚುತ್ತಾ ನನಗೆ ಹೇಳಿದಳು: “ವೈನಿ, ಇವು ನಿಮ್ಮಂತೇಕನ ಇರ್ಲಿ. ನಾ ರಿಟೈರ್ ಆದ ಮ್ಯಾಲ ಬಂದು ಒಯ್ತೀನಿ. ಅವ್ವನ ಕೌದಿ ಹೊಲಕೋಬೇಕು ನಾ. ಕಡೀತನಕ ಅದನ್ನ ಹೊಚಕೊಂಡು ಮಲಗತೀನಿ.”

ಕೌದಿ ಎಂದರೆ ಅವರ ಕಡೆಯ ಹೊದಿಕೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಕೈಯಲ್ಲೇ ಸಾಲುಸಾಲಾಗಿ ಹೊಲಿಗೆ ಹಾಕುತ್ತಾರೆ. ಅವರ ಮನೆಯಲ್ಲಿ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ಚೂರು ಹೋಳಿಗೆ ಇಡುವ ಪದ್ಧತಿ — ಕೌದಿ ಹಸಿದಿರಬಾರದಂತೆ. “ಇರುವೆ ಮುತ್ತಲ್ವಾ?” ಎಂದು ನಾನು ನಕ್ಕಿದ್ದೆ. “ಮುತ್ತಲಿ ಬಿಡ್ರಿ, ಅವೂ ಉಣ್ಣಲಿ,” ಎಂದು ಅಳುವಿನ ನಡುವೆಯೇ ಅವಳೂ ನಕ್ಕಿದ್ದಳು.

ನಾನು ಇದೇ ಊರಿನ ರಾಯಪುರಂನಲ್ಲಿ ಹುಟ್ಟಿ ಬೆಳೆದವಳು. ಅಪ್ಪ ರೈಲ್ವೆಯಲ್ಲಿದ್ದರು, ಮನೆಮಾತು ತುಮಕೂರು ಕಡೆಯದು. ನಮ್ಮ ಬೀದಿಗೆ ಪಾತ್ರೆಯವನು ಬರುತ್ತಿದ್ದ. ಹಳೆ ಸೀರೆ ಕೊಟ್ಟರೆ ಸ್ಟೀಲ್ ಡಬ್ಬಿ ಕೊಡುತ್ತಿದ್ದ. ನನಗೆ ಹಳೆ ಸೀರೆ ಎಂದರೆ ಅಷ್ಟೇ. ಆದರೆ ಇದನ್ನು ನೆಪವಾಗಿ ಹೇಳುತ್ತಿಲ್ಲ. ಗಿರಿಜಾ ನನಗೆ ಬಿಡಿಸಿ ಹೇಳಿದ್ದಳು. ಗೊತ್ತಿದ್ದೇ ಕತ್ತರಿ ಹಿಡಿದೆ.

ಒಂದೇ ಸೀರೆ ಸಾಕು ಅಂದುಕೊಂಡೆ. ಒಂದು ಹೋದರೆ ಅವಳಿಗೆ ಲೆಕ್ಕ ಸಿಗುತ್ತದೆಯೇ ಎಂದುಕೊಂಡೆ. ಆ ಬಟ್ಟೆ — ಅದೇನು ಮೆತ್ತಗೆ! ಹೊಲಿದು ಸೊಪ್ಪಿಟ್ಟರೆ ಎರಡು ದಿನ ಕಳೆದರೂ ಈಗತಾನೆ ಕಿತ್ತ ಹಾಗಿತ್ತು. ಇನ್ನೊಂದು ತೆಗೆದೆ. ಮತ್ತೊಂದು. ಟ್ರಂಕು ಖಾಲಿಯಾಯಿತು. ಬಣ್ಣ ಗುರುತು ಸಿಗಬಾರದೆಂದು ಸೋಡಾ ಹಾಕಿ ಕುದಿಸಿದೆ. ಅಂಚು, ಸೆರಗು ಎಲ್ಲ ಕತ್ತರಿಸಿ ಕಸಕ್ಕೆ ಹಾಕಿದೆ. ಗುರುತು ಮರೆಸಬೇಕು ಎಂಬ ಬುದ್ಧಿ ಇತ್ತೆಂದರೆ, ಮಾಡುತ್ತಿರುವುದು ಕಳ್ಳತನ ಎಂಬುದೂ ಗೊತ್ತಿತ್ತು ಎಂದೇ ಅರ್ಥ. ಭಾನುವಾರ ಎಲ್ಲ ಮನೆಗೂ ಚೀಲ ಹಂಚಿ, ಸೊಪ್ಪಿಗೆ ಒದ್ದೆ ಮಾಡಿ ಹಿಂಡಿದ್ದು, ಬೆಂಡೆ ಬದನೆಗೆ ಒಣಗಿದ್ದು ಎಂದು ಪಾಠವನ್ನೂ ಮಾಡಿದೆ. ನಮ್ಮವರಿಗೂ ಒಂದು ಕೊಟ್ಟೆ. ದಿನಾ ಬೆಳಿಗ್ಗೆ ಅವರು ತಮ್ಮ ಅವ್ವನ ಸೀರೆಯಲ್ಲೇ ತರಕಾರಿ ತರುತ್ತಿದ್ದರು. ಅವರಿಗೂ ಗೊತ್ತಿರಲಿಲ್ಲ.

ಆಮೇಲೆ ಮಳೆಗಾಲ ಬಂತು. ಪೋರೂರು ಕೆರೆಯ ಕಡೆಯ ನೀರೆಲ್ಲ ನಮ್ಮ ಪಾರ್ಕಿಂಗಿಗೆ ನುಗ್ಗಿ, ಸ್ಟೋರ್ ರೂಮಿನ ಬಾಗಿಲು ಕಿತ್ತುಹೋಯಿತು. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದೆ. ಸ್ಕೂಟರುಗಳ ನಡುವೆ ಆ ಟ್ರಂಕು ತೇಲುತ್ತಿತ್ತು. ಖಾಲಿ ಇದ್ದದ್ದಕ್ಕೆ ತೇಲಿತು. ಸಂಜೆ ಗಿರಿಜಾಳ ಫೋನ್.

“ವೈನಿ, ಎಲ್ಲಾರೂ ಆರಾಮ ಅದೀರಿಲ್ಲೋ? ಅವ್ವನ ಟ್ರಂಕ್ ಮ್ಯಾಲ ತಂದು ಇಟ್ಟೀರೇನ್ರಿ?”

ಆಗ ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ — “ಇಲ್ಲ ಗಿರಿಜಾ. ನೀರು ನುಗ್ಗಿಬಿಡ್ತು. ಎಲ್ಲಾ ಕೊಳೆತುಹೋಯ್ತು.”

ಅವಳು ನನ್ನನ್ನು ಬೈಯಬಾರದಿತ್ತೇ? ಬೈಯಲಿಲ್ಲ. “ನೀವೇನ್ ಮಾಡೀರಿ ಪಾಪ. ನಂದ ತಪ್ಪು. ಆವಾಗನ ಒಯ್ಯಬೇಕಿತ್ತು ನಾ,” ಎಂದಳು. ಅಬ್ಬಾ, ತಪ್ಪಿಸಿಕೊಂಡೆ ಅನ್ನಿಸಿತು ನನಗೆ! ಹಾಗನ್ನಿಸಿತು ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಅಂದಿನಿಂದ ಚೆನ್ನೈಯಲ್ಲಿ ಮಳೆ ಎಂದು ಟಿವಿಯಲ್ಲಿ ಕಂಡಾಗಲೆಲ್ಲ ಅವಳು ಫೋನ್ ಮಾಡುವಳು. ನಮ್ಮ ಕ್ಷೇಮ ವಿಚಾರಿಸಿ, ಕೊನೆಗೆ ತಪ್ಪದೆ ಅದೇ ಮಾತು: “ನಾ ಒಬ್ಬಾಕಿ ದಡ್ಡಿ ನೋಡ್ರಿ ವೈನಿ. ಅವ್ವನ ಸೀರಿ ನೀರಾಗ ಬಿಟ್ಟು ಬಂದೆ.” ನಾನು “ಹೋಗಲಿ ಬಿಡು” ಎನ್ನುವೆ. ನೋಡಿ, ದೊಡ್ಡ ಮನಸ್ಸಿನಿಂದ ಕ್ಷಮಿಸುವವಳು ನಾನು!

ಹೋದ ವರ್ಷ ಅವಳ ಮೊಣಕಾಲಿಗೆ ಆಪರೇಷನ್ ಆಗಬೇಕಾಯಿತು. ಆಸ್ಪತ್ರೆ ನಮ್ಮ ಮನೆಗೆ ಹತ್ತಿರವೇ ಇತ್ತು. ನಮ್ಮವರು ಒತ್ತಾಯ ಮಾಡಿ ಕರೆಸಿದರು. ಆಪರೇಷನ್ ಮುಗಿದು ಅವಳು ನಮ್ಮ ಮನೆಯಲ್ಲೇ ಉಳಿದಳು. ಸುಮ್ಮನೆ ಕೂರುವ ಜೀವವಲ್ಲ. ಕುರ್ಚಿಯಲ್ಲಿ ಕಾಲು ಚಾಚಿ, ಸೊಪ್ಪು ಬಿಡಿಸುವಳು, ಕರಿಬೇವು ಬಿಡಿಸುವಳು, ಚೀಲಕ್ಕೆ ತುಂಬಿ ಕೊಡುವಳು. ಒಗೆದ ಚೀಲಗಳನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಸವರಿ ಸವರಿ ಮಡಿಚುವಳು.

“ಎಷ್ಟ ಮೆತ್ತಗ ಅದಾವ್ರಿ ಇವು. ಎಲ್ಲಿ ತಂದ್ರಿ ಈ ಬಟ್ಟಿ?”

“ಪ್ಯಾರೀಸ್ ಕಾರ್ನರ್‌ನಲ್ಲಿ,” ಎಂದೆ. ಎಷ್ಟು ಸಲೀಸಾಗಿ ಬಂತು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ — ಅವಳು ಅಡುಗೆಮನೆಗೆ ಬಂದರೆ ನನ್ನ ಜೀವ ಹೋಗುವುದು. ಚೀಲಗಳನ್ನು ಬಚ್ಚಿಟ್ಟೆ. “ಚೀಲ ಎಲ್ಲ್ಯದಾವ್ರಿ?” ಎಂದು ಕೇಳಿದರೆ ಮತ್ತೆ ತೆಗೆದೆ. ಅವಳಿಗೆ ಚಳಿ. ನಮ್ಮ ಮನೆಯ ನುಣುಪು ಬ್ಲ್ಯಾಂಕೆಟ್ ಮೈಮೇಲೆ ನಿಲ್ಲುವುದಿಲ್ಲ ಎನ್ನುವಳು. ಇದ್ದಿದ್ದರೆ ಏನು ಹೊದೆಯುತ್ತಿದ್ದಳು ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ಪಕ್ಕದ ಮನೆಯ ಮಲ್ಲಿಕಾ ಅವಳನ್ನು ನೋಡಲು ಬಂದಳು. ಒಳ್ಳೆಯ ಹೆಂಗಸು, ಬಾಯಿ ಜಾಸ್ತಿ. ಅವಳಿಗೆ ಕನ್ನಡ ಬಾರದು, ಗಿರಿಜಾಳಿಗೆ ತಮಿಳು ಬಾರದು, ನಡುವೆ ನಾನು. ಮಲ್ಲಿಕಾ ನನ್ನ ಚೀಲಗಳನ್ನು ಹೊಗಳಿದಳು. ಗಿರಿಜಾಳಿಗೆ ಬಟ್ಟೆಯ ಮಾತು ಬಂತೆಂದರೆ ಅವ್ವನ ನೆನಪು. ತನ್ನ ಅವ್ವನ ಸೀರೆಗಳ ಕಥೆ ಹೇಳಿದಳು. ನಾನು ತಮಿಳಿನಲ್ಲಿ ಹೇಳುತ್ತಾ ಹೋದೆ. ಟ್ರಂಕು, ಮಳೆ, ನೀರು. “ಐಯ್ಯೋ, ಯಾರ್ ಕೀಳೇ ವೆಚ್ಚಾಂಗ?” — ಯಾರು ಕೆಳಗಿಟ್ಟದ್ದು ಎಂದಳು ಮಲ್ಲಿಕಾ.

ಗಿರಿಜಾ ನನ್ನ ಮುಖ ನೋಡಿ, “ಏನಂತಾರ್ರಿ?” ಎಂದಳು. ಹೇಳಿದೆ. ಅವಳು ನಕ್ಕಳು. “ತಪ್ಪು ನಂದ ಅಂತ ಹೇಳ್ರಿ ಅವ್ರಿಗೆ.”

ಹೇಳಿದೆ. “ತಪ್ಪು ಅವಂಗಳ್ದು ತಾನ್ನು ಸೊಲ್‌ರಾಂಗ” — ತಪ್ಪು ತನ್ನದೇ ಅನ್ನುತ್ತಾಳೆ ಎಂದು, ನನ್ನ ಈ ಬಾಯಿಂದ. ಮಲ್ಲಿಕಾ ಗಿರಿಜಾಳ ಕೈ ಹಿಡಿದು ಲೊಚಗುಟ್ಟಿದಳು. ಫೋನಿನಲ್ಲಿ ಕೇಳಿಸಿಕೊಂಡು ಸುಮ್ಮನಿರುವುದು ಒಂದು. ಎದುರಿಗೆ ಕೂತು, ಅವಳ ಮೇಲಿನ ತಪ್ಪನ್ನು ಇನ್ನೊಂದು ಭಾಷೆಗೆ ನಾನೇ ದಾಟಿಸುವುದು — ಸಾಕು. ಇನ್ನು ಆಗದು ಅನ್ನಿಸಿತು.

ಮಧ್ಯಾಹ್ನ ಊಟ ಆದ ಮೇಲೆ ಒಗೆದ ಚೀಲಗಳನ್ನೆಲ್ಲ ತಂದು ಅವಳ ಮಡಿಲಲ್ಲಿಟ್ಟೆ. “ಇವು ಪ್ಯಾರೀಸ್ ಕಾರ್ನರ್ ಬಟ್ಟೆ ಅಲ್ಲ ಗಿರಿಜಾ. ಅತ್ತೆ ಸೀರೆ. ಮಳೆಗೆ ಮುಂಚೇನೇ ಕತ್ತರಿಸಿಬಿಟ್ಟಿದ್ದೆ,” ಎಂದೆ. ಇನ್ನೂ ಏನೇನೋ ಹೇಳಬೇಕೆಂದಿದ್ದೆ.

ಅವಳು ಒಂದು ಚೀಲ ಎತ್ತಿ ಮೂಗಿಗೆ ಹಿಡಿದಳು. ಹಿಡಿದೇ ಇದ್ದಳು. “ಕೊತ್ತಂಬರಿ,” ಎಂದಳು. ಮತ್ತೊಂದನ್ನು ಎತ್ತಿದಳು. ಅದನ್ನೂ ಮೂಸಿದಳು. ತಿರುಗಿಸಿ ಅಂಚು ಹುಡುಕಿದಳು.

“ದಡಿ ಎಲ್ಲಿ?”

ಕೆಂಪು ಅಂಚಿನ ವಿಷಯ ಹೇಳಬಾರದು ಎಂದುಕೊಂಡಿದ್ದೆ. ತಪ್ಪೊಪ್ಪಿಗೆಯಲ್ಲೂ ಒಂದಿಷ್ಟು ಉಳಿಸಿಕೊಳ್ಳುವ ಬುದ್ಧಿ ನನ್ನದು. “ಕಸಕ್ಕೆ ಹಾಕಿದೆ,” ಎಂದೆ.

“ಸೆರಗು?”

“ಅದನ್ನೂ.”

“ಮಳಿ ಬಂದಾಗೊಮ್ಮೆ ನಾ ಫೋನ್ ಮಾಡ್ತಿದ್ದೆ,” ಎಂದಳು ಅವಳು ನಿಧಾನವಾಗಿ. “ನೀವು ಕೇಳಕೋತ ಇರ್ತಿದ್ರಿ.”

“ಹೌದು.”

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಒಳಕೋಣೆಯಲ್ಲಿ ಕೇಳಿಸಿಕೊಂಡಿದ್ದ ನಮ್ಮವರು ಎದ್ದು ಬಂದು, ಫ್ರಿಜ್ಜಿನಲ್ಲಿದ್ದ ಚೀಲ ತೆಗೆದು, ಬೆಂಡೆಕಾಯಿಯನ್ನು ಪೇಪರಿನ ಮೇಲೆ ಸುರಿದರು. ಆ ಚೀಲವನ್ನು ತಾವೇ ಸಿಂಕಿನಲ್ಲಿ ತೊಳೆದು, ಹಿಂಡಿ, ತಂಗಿಯ ಕುರ್ಚಿಯ ತೋಳಿಗೆ ಹಾಕಿ, ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಸಂಜೆ ನಾನು ಮನೆಮನೆಗೆ ಹೊರಟೆ, ಹಂಚಿದ್ದನ್ನು ವಾಪಸು ಕೇಳಲು. ಮೊದಲನೆಯ ಮನೆಯಲ್ಲಿ “ರಿಪೇರಿ ಮಾಡಿಕೊಡ್ತೀನಿ” ಎಂದುಬಿಟ್ಟೆ. ಹಾಳಾದ ಚಾಳಿ, ಎಲ್ಲಿ ಹೋಗುತ್ತದೆ! ಮೆಟ್ಟಿಲಿಳಿದವಳು ಮತ್ತೆ ಹತ್ತಿ ಹೋಗಿ, ಅದು ಯಾರ ಸೀರೆ, ಹೇಗೆ ಬಂತು ಎಂದು ಹೇಳಿದೆ. ಎರಡನೆಯ ಮನೆಯಲ್ಲಿ ಹೇಳಿದೆ. ಮಲ್ಲಿಕಾಳಿಗೆ ಹೇಳುವಾಗ, ಬೆಳಿಗ್ಗೆ ತಮಿಳಿನಲ್ಲಿ ಆಡಿದ ಮಾತನ್ನು ತಮಿಳಿನಲ್ಲೇ ವಾಪಸು ತೆಗೆದುಕೊಂಡೆ. ಅವಳು ತಲೆ ತಗ್ಗಿಸಿ ಚೀಲ ತಂದುಕೊಟ್ಟಳು. ಇನ್ನೊಂದು ಮನೆಯ ಹುಡುಗಿ, “ಆಂಟಿ, ಅದು ತೊಡೈಕ್ಕಿರ ತುಣಿ ಆಯಿಡುಚ್ಚೇ,” ಎಂದಳು. ನೆಲ ಒರೆಸುವ ಬಟ್ಟೆಯಾಗಿತ್ತು. ಅದನ್ನೂ ತಂದೆ. ಎಷ್ಟೋ ಮನೆಗಳಲ್ಲಿ ಅದೂ ಉಳಿದಿರಲಿಲ್ಲ.

ಗಿರಿಜಾ ಹೊಲಿಗೆ ಬಿಚ್ಚಿ, ಚೀಲಗಳನ್ನು ಹರವಿ, ತುಂಡಿಗೆ ತುಂಡು ಸೇರಿಸಿ ಹೊಲಿಯತೊಡಗಿದಳು. ಬೀಟ್‌ರೂಟ್ ಕಲೆ, ಹಸಿ ಅರಿಸಿನದ ಕಲೆ, ನೆಲದ ಕಲೆ. ನಾನು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. “ದಾರ,” ಎನ್ನುವಳು, ಕೊಡುವೆ. ಊಟ ಬಡಿಸಿದರೆ ಉಣ್ಣುವಳು, ಮಾತ್ರೆ ಕೊಟ್ಟರೆ ನುಂಗುವಳು. ವೈನಿ ಎಂದು ಕರೆಯುವುದನ್ನು ಬಿಟ್ಟಿದ್ದಳು.

ಕೌದಿ ಸಣ್ಣದಾಯಿತು. ಮೊಣಕಾಲು ಮುಚ್ಚಿದರೆ ಭುಜಕ್ಕೆ ಬಾರದು, ಭುಜ ಮುಚ್ಚಿದರೆ ಕಾಲಿಗೆ ಬಾರದು. ಕೊನೆಯ ಮೂಲೆ ಉಳಿದ ದಿನ ನಾನು ಬೆಳಿಗ್ಗೆಯೇ ಕಡಲೆಬೇಳೆ ಬೇಯಿಸಿ ಹೋಳಿಗೆ ಮಾಡಿದೆ. ಬಿಸಿಬಿಸಿ ಒಂದನ್ನು ತಟ್ಟೆಯಲ್ಲಿಟ್ಟು ತಂದು ಅವಳ ಪಕ್ಕ ನಿಂತೆ. ಒಂದು ಚೂರು ಮುರಿದು ಕೊಡಲು ಕೈ ಚಾಚಿದೆ.

ಅವಳು ತಲೆಯೆತ್ತಿ ಹೋಳಿಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಬ್ಯಾಡ್ರಿ,” ಎಂದಳು. “ಇದು ಇಷ್ಟು ವರ್ಷ ನಿಮ್ಮ ಮನ್ಯಾಗ ಉಂಡೈತಿ.”

ಮೂಲೆ ಮಡಿಚಿ ಹೊಲಿದು ಮುಚ್ಚಿ, ಹಲ್ಲಿನಿಂದ ದಾರ ಕಡಿದಳು. ನಾನು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.